ಅಪ್ಪನ ತರಗತಿಯಲ್ಲಿ ಕುಳಿತ ಮಗ: ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದ ಕುರಿತು

(ಚಿತ್ರ ಪ್ರದರ್ಶನದ ನಂತರ ನೀಡಿದ ಉಪನ್ಯಾಸದ ಬರಹ ರೂಪ. ಚಿತ್ರ ನೋಡದ ಓದುಗರಿಗಾಗಿ ಕಥೆಯ ಕೆಲವು ವಿವರಗಳನ್ನು ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

1980ರಲ್ಲಿ ಬಾಬ್ ಗೇಲ್ ಎಂಬ ಯುವ ಚಿತ್ರಕಥೆಗಾರ ಅಮೆರಿಕದ ಸೇಂಟ್ ಲೂಯಿಸ್ ಕಡೆ ಇದ್ದ ತಂದೆತಾಯಿಯ ಮನೆಗೆ ಹೋಗಿದ್ದರು. ಅಲ್ಲಿ ತಂದೆಯ ಹೈಸ್ಕೂಲಿನ ವಾರ್ಷಿಕ ಸಂಚಿಕೆ ಕೈಗೆ ಸಿಕ್ಕಿತು. ಪುಟ ತಿರುವಿದರೆ ತಂದೆಯ ಫೋಟೊ. ಅವರು ತಮ್ಮ ತರಗತಿಯ ಅಧ್ಯಕ್ಷರಾಗಿದ್ದರು ಎಂಬ ಸಂಗತಿ ಮಗನಿಗೆ ಗೊತ್ತಾದದ್ದೇ ಅಂದು. ತಾನು ಓದುತ್ತಿದ್ದಾಗ ಇದೇ ಹುದ್ದೆಯಲ್ಲಿದ್ದ ಹುಡುಗನ ಜೊತೆ ತನಗೆ ಯಾವ ಒಡನಾಟವೂ ಇರಲಿಲ್ಲವಲ್ಲ ಎಂದು ಗೇಲ್ ಯೋಚಿಸಿದರು. ಹಾಗಾದರೆ ನಾನು ಅಪ್ಪನ ಸಹಪಾಠಿಯಾಗಿದ್ದರೆ ನಾವಿಬ್ಬರೂ ಗೆಳೆಯರಾಗುತ್ತಿದ್ದೆವೆ?

ನಾವು ಈಗಷ್ಟೇ ನೋಡಿದ ಚಿತ್ರ ಹುಟ್ಟಿದ್ದು ಆ ಪ್ರಶ್ನೆಯಿಂದ. ಕಾರು, ಸಿಡಿಲು, ಪ್ಲುಟೋನಿಯಂ, ನಾಯಿ ಎಲ್ಲವೂ ಆಮೇಲೆ ಬಂದವು. ಕಾಲಯಾನದ ಕಥೆಗಳು ಸಾಮಾನ್ಯವಾಗಿ ಜಗತ್ತನ್ನು ನೋಡಲು ಹೊರಡುತ್ತವೆ, ಇಲ್ಲವೇ ಜಗತ್ತನ್ನು ಕಾಪಾಡಲು ಹೊರಡುತ್ತವೆ. ಈ ಕಥೆ ಒಂದು ಮನೆಯ ಊಟದ ಮೇಜಿನಿಂದ ಹೊರಟು ಅದೇ ಮನೆಗೆ ಬಂದು ಸೇರುತ್ತದೆ. ಇದರಲ್ಲಿರುವ ನಗು, ವಿಜ್ಞಾನ, ರೋಮಾಂಚನ ಮೂರೂ ಆ ಒಂದು ಪ್ರಶ್ನೆಗಾಗಿ ದುಡಿಯುತ್ತವೆ ಎಂಬುದೇ ನನ್ನ ಮಾತಿನ ತಿರುಳು. ಎಲ್ಲಿ ದುಡಿಯುವುದಿಲ್ಲವೋ ಅಲ್ಲಿ ಚಿತ್ರ ಎಡವುತ್ತದೆ. ನನಗೆ ಬಹಳ ಪ್ರಿಯವಾದ ಚಿತ್ರವಾದ್ದರಿಂದಲೇ ಅದನ್ನೂ ಮುಚ್ಚಿಡದೆ ಹೇಳಬೇಕು.

ಕಥೆ ಹೀಗಿದೆ. 1985ರ ಅಕ್ಟೋಬರ್. ಕ್ಯಾಲಿಫೋರ್ನಿಯಾದಲ್ಲಿ ಹಿಲ್ ವ್ಯಾಲಿ ಎಂಬ ಕಾಲ್ಪನಿಕ ಊರು. ಹದಿನೇಳು ವರ್ಷದ ಮಾರ್ಟಿ ಮೆಕ್‌ಫ್ಲೈಗೆ ಗಿಟಾರಿನ ಹುಚ್ಚು. ಅಪ್ಪ ಜಾರ್ಜ್ ತಲೆ ತಗ್ಗಿಸಿ ಬದುಕುವ ಮನುಷ್ಯ. ಶಾಲೆಯಲ್ಲಿ ತನ್ನನ್ನು ಕಾಡುತ್ತಿದ್ದ ಬಿಫ್ ಎಂಬವನ ಕೈಕೆಳಗೇ ಈಗ ನೌಕರಿ ಮಾಡುತ್ತಾನೆ, ಅವನ ವರದಿಗಳನ್ನೂ ತಾನೇ ಬರೆದುಕೊಡುತ್ತಾನೆ. ಅಮ್ಮ ಲೊರೇನ್ ಕುಡಿತಕ್ಕೆ ಬಿದ್ದಿದ್ದಾಳೆ. ಮಾರ್ಟಿಯ ಆಪ್ತ ಸ್ನೇಹಿತ ಡಾಕ್ ಬ್ರೌನ್ ಎಂಬ ವಿಜ್ಞಾನಿ ಕಾರೊಂದನ್ನು ಕಾಲಯಂತ್ರವನ್ನಾಗಿ ಮಾಡಿದ್ದಾನೆ. ಪ್ಲುಟೋನಿಯಂ ಕೊಟ್ಟು ಮೋಸಹೋದ ಭಯೋತ್ಪಾದಕರು ಡಾಕ್‌ಗೆ ಗುಂಡಿಕ್ಕಿದಾಗ ಮಾರ್ಟಿ ಆ ಕಾರಿನಲ್ಲಿ ತಪ್ಪಿಸಿಕೊಂಡು ಓಡುತ್ತಾನೆ. 1955ರ ನವೆಂಬರ್ 5ಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ಅವನ ಅಪ್ಪನಿಗೂ ಅಮ್ಮನಿಗೂ ಅವನದೇ ವಯಸ್ಸು. ಅವರಿಬ್ಬರೂ ಮೊದಲು ಭೇಟಿಯಾಗಬೇಕಿದ್ದ ಗಳಿಗೆಗೆ ಮಾರ್ಟಿ ಅಡ್ಡ ಬರುತ್ತಾನೆ, ಹುಡುಗಿ ಜಾರ್ಜ್‌ನನ್ನು ಬಿಟ್ಟು ಮಾರ್ಟಿಯನ್ನೇ ಮೆಚ್ಚಿಕೊಳ್ಳುತ್ತಾಳೆ. ಒಂದು ವಾರದೊಳಗೆ ಅವರಿಬ್ಬರನ್ನು ಒಂದುಗೂಡಿಸದಿದ್ದರೆ ಮಾರ್ಟಿ ಹುಟ್ಟುವುದೇ ಇಲ್ಲ.

ಗೇಲ್ ಮತ್ತು ನಿರ್ದೇಶಕ ರಾಬರ್ಟ್ ಝೆಮೆಕಿಸ್ ಕೂಡಿ ಬರೆದ ಈ ಚಿತ್ರಕಥೆ ನಲವತ್ತಕ್ಕೂ ಹೆಚ್ಚು ಬಾರಿ ತಿರಸ್ಕೃತವಾಯಿತು ಎಂದು ಗೇಲ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ತಿರಸ್ಕಾರದ ಕಾರಣಗಳನ್ನು ಗಮನಿಸಬೇಕು. ಹದಿಹರೆಯದವರ ಹಾಸ್ಯ ಚಿತ್ರಗಳೆಂದರೆ ಆಗ ಅಶ್ಲೀಲ ತಮಾಷೆ ತುಂಬಿರಬೇಕು ಎಂಬ ಕಾಲ; ಕೊಲಂಬಿಯಾ ಸ್ಟುಡಿಯೊದವರಿಗೆ ಇದು ತೀರಾ ಸೌಮ್ಯವಾಗಿ ಕಂಡಿತು. ಡಿಸ್ನಿಯವರಿಗೆ ನೇರ ವಿರುದ್ಧದ ತಕರಾರು: ತಾಯಿ ಮಗನ ಮೇಲೆ ಮೋಹಗೊಳ್ಳುವ ಕಥೆಯನ್ನು ತಮ್ಮ ಸಂಸ್ಥೆ ಹೇಗೆ ತೆಗೆಯುವುದು? ಒಂದೇ ಕಥೆ ಒಬ್ಬರಿಗೆ ಸಪ್ಪೆ, ಇನ್ನೊಬ್ಬರಿಗೆ ಅತಿರೇಕ. ಇಬ್ಬರೂ ಓದಿದ್ದು ಅದೇ ಹಾಳೆಗಳನ್ನು. ಝೆಮೆಕಿಸ್ ಅವರ ಮೊದಲ ಎರಡು ಚಿತ್ರಗಳು ಸೋತಿದ್ದವು. 1984ರಲ್ಲಿ ಅವರು ಬೇರೊಬ್ಬರ ಕಥೆಯ ‘ರೊಮ್ಯಾನ್ಸಿಂಗ್ ದ ಸ್ಟೋನ್’ ನಿರ್ದೇಶಿಸಿ ಗೆದ್ದ ಮೇಲೆ ಬಾಗಿಲು ತೆರೆಯಿತು. ಮೊದಲಿನಿಂದಲೂ ಕಥೆಯನ್ನು ಮೆಚ್ಚಿದ್ದ ಸ್ಟೀವನ್ ಸ್ಪಿಲ್‌ಬರ್ಗ್ ಬೆನ್ನಿಗೆ ನಿಂತರು, ಯೂನಿವರ್ಸಲ್ ಹಣ ಹೂಡಿತು.

ಡಿಸ್ನಿಯವರ ಭಯ ಅಕಾರಣವಾಗಿರಲಿಲ್ಲ ಎಂದು ನನಗೆ ಅನಿಸುತ್ತದೆ. ಚಿತ್ರದ ಅತ್ಯಂತ ಕಷ್ಟದ ಜಾಗ ಅದೇ. ಅದನ್ನು ಬರಹಗಾರರು ದಾಟಿದ ಬಗೆಯನ್ನು ನೋಡಿ. ಪ್ರೀತಿಯ ಉಪಕ್ರಮವೆಲ್ಲ ಹುಡುಗಿಯದು, ಮಾರ್ಟಿ ಪ್ರತಿ ಸಲವೂ ಗಾಬರಿಯಿಂದ ಹಿಂದೆ ಸರಿಯುತ್ತಾನೆ. ನಗು ಬರುವುದು ಅವನ ಗಾಬರಿಯಿಂದ. ಕೊನೆಗೆ ಕಾರಿನಲ್ಲಿ ಲೊರೇನ್ ತಾನಾಗಿಯೇ ಮುತ್ತಿಟ್ಟು, ತಮ್ಮನಿಗೆ ಮುತ್ತಿಟ್ಟಂತೆ ಅನಿಸಿತಲ್ಲ ಎಂದು ತಬ್ಬಿಬ್ಬಾಗುತ್ತಾಳೆ. ಗಂಟು ಬಿಚ್ಚಿತು. ಬಿಚ್ಚಿದವಳು ಅವಳೇ. ಈ ಒಂದು ಸಂಭಾಷಣೆ ಇಲ್ಲದಿದ್ದರೆ ಇಡೀ ಚಿತ್ರ ಕುಸಿಯುತ್ತಿತ್ತು. ಇದಕ್ಕೂ ಮೊದಲು 1985ರ ಮನೆಯಲ್ಲಿ ಇದೇ ಲೊರೇನ್, ತನ್ನ ಕಾಲದಲ್ಲಿ ಹುಡುಗಿಯರು ಹುಡುಗರ ಹಿಂದೆ ಬೀಳುತ್ತಿರಲಿಲ್ಲ ಎಂದು ಮಕ್ಕಳಿಗೆ ಬುದ್ಧಿ ಹೇಳಿದ್ದನ್ನು ನಾವು ಕೇಳಿದ್ದೇವೆ. 1955ಕ್ಕೆ ಹೋದರೆ ಸಿಗರೇಟು ಸೇದುವ, ಮದ್ಯದ ಬಾಟಲಿ ಕದ್ದು ತರುವ ಹುಡುಗಿ ಎದುರಿಗಿದ್ದಾಳೆ. ಚಿತ್ರ ಅವಳನ್ನು ಸುಳ್ಳಿಯೆಂದು ಹಂಗಿಸುವುದಿಲ್ಲ. ತಂದೆತಾಯಿ ಮಕ್ಕಳಿಗೆ ಹೇಳುವ ತಮ್ಮ ಯೌವನದ ಕಥೆ ಯಾವಾಗಲೂ ಸ್ವಲ್ಪ ತಿದ್ದಿದ ಪ್ರತಿಯೇ ಆಗಿರುತ್ತದೆ ಎಂಬುದನ್ನು ಅದು ಅಕ್ಕರೆಯಿಂದ ತೋರಿಸುತ್ತದೆ.

ಅಪ್ಪನ ವಿಷಯದಲ್ಲಿ ಚಿತ್ರ ಇನ್ನೂ ಸೂಕ್ಷ್ಮವಾಗಿದೆ. 1985ರಲ್ಲಿ ಮಾರ್ಟಿ ತನ್ನ ಹಾಡಿನ ಕ್ಯಾಸೆಟ್ಟನ್ನು ಸಂಗೀತ ಕಂಪನಿಗೆ ಕಳಿಸಲು ಹೆದರುತ್ತಾನೆ. ಚೆನ್ನಾಗಿಲ್ಲ ಎಂದುಬಿಟ್ಟರೆ ತಡೆದುಕೊಳ್ಳಲಾರೆ ಎಂದು ಗೆಳತಿ ಜೆನ್ನಿಫರ್‌ಗೆ ಹೇಳಿ, ಥೇಟ್ ಅಪ್ಪನ ಹಾಗೆ ಮಾತಾಡುತ್ತಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಾನೆ. ಮೂವತ್ತು ವರ್ಷ ಹಿಂದೆ ಹೋದಾಗ, ಶಾಲೆಯ ಊಟದ ಕೋಣೆಯಲ್ಲಿ ಅಪ್ಪ ಯಾರಿಗೂ ಕಾಣದಂತೆ ವೈಜ್ಞಾನಿಕ ಕಥೆ ಬರೆಯುತ್ತ ಕುಳಿತಿದ್ದಾನೆ. ಯಾರಿಗಾದರೂ ತೋರಿಸುತ್ತೀಯಾ ಎಂದು ಕೇಳಿದರೆ, ಮಗ ಆಡಿದ ಅದೇ ಮಾತು ಅಪ್ಪನ ಬಾಯಿಂದ ಬರುತ್ತದೆ. ಮಾರ್ಟಿಯ ಪಾತ್ರ ಮಾಡಿರುವ ಮೈಕೆಲ್ ಜೆ. ಫಾಕ್ಸ್ ಆ ಕ್ಷಣದಲ್ಲಿ ಅಪ್ಪನನ್ನು ನೋಡುವ ನೋಟದಲ್ಲಿ ಗೇಲ್ ಅವರ ಪ್ರಶ್ನೆಗೆ ಉತ್ತರವಿದೆ. ಇವನು ಬರೆಯುತ್ತಾನೆಂಬುದು ಮಗನಿಗೆ ತಿಳಿದೇ ಇರಲಿಲ್ಲ. ಅಪ್ಪನ ಹೇಡಿತನವೆಂದು ತಾನು ಮನಸ್ಸಿನಲ್ಲೇ ಹಳಿಯುತ್ತಿದ್ದುದು ತನ್ನೊಳಗೂ ಇದೆ, ಅದರ ಪಕ್ಕದಲ್ಲೇ ಒಬ್ಬ ಕಲಾವಿದನೂ ಇದ್ದಾನೆ ಎಂಬುದು ಅವನಿಗೆ ಒಟ್ಟಿಗೇ ಗೊತ್ತಾಗುತ್ತದೆ. ಕ್ರಿಸ್ಪಿನ್ ಗ್ಲೋವರ್ ಅವರ ಜಾರ್ಜ್ ಪಾತ್ರವನ್ನು ಎಷ್ಟು ಹೊಗಳಿದರೂ ಸಾಲದು. ಆ ನಡುಗುವ ಕೈಗಳು, ತಪ್ಪಾದ ಜಾಗದಲ್ಲಿ ಹೊರಡುವ ನಗು, ಕೂದಲು ಸರಿಪಡಿಸಿಕೊಳ್ಳುವ ರೀತಿ, ಇವನ್ನು ಬೇರೆ ಯಾವ ನಟನೂ ಹೀಗೆ ಮಾಡುತ್ತಿರಲಿಲ್ಲ.

ಈಗ ಕಟ್ಟಡದ ಮಾತು. ಚಿತ್ರಕಥೆ ಬರೆಯಲು ಕಲಿಯುತ್ತಿರುವವರು ಇಲ್ಲಿದ್ದರೆ ಮೊದಲ ಶಾಟನ್ನು ಮತ್ತೆ ಮತ್ತೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಡಾಕ್‌ನ ಪ್ರಯೋಗಾಲಯದಲ್ಲಿ ಕ್ಯಾಮೆರಾ ಮೆಲ್ಲಗೆ ಚಲಿಸುತ್ತದೆ. ಗೋಡೆ ತುಂಬ ಟಿಕ್ ಟಿಕ್ ಎನ್ನುವ ಗಡಿಯಾರಗಳು. ಅವುಗಳ ಪೈಕಿ ಒಂದರ ಮುಳ್ಳಿಗೆ ಪುಟ್ಟ ಮನುಷ್ಯನ ಬೊಂಬೆ ಜೋತುಬಿದ್ದಿದೆ: 1923ರ ಮೂಕಿ ಚಿತ್ರದಲ್ಲಿ ಹೆರಾಲ್ಡ್ ಲಾಯ್ಡ್ ಗಡಿಯಾರಕ್ಕೆ ನೇತಾಡಿದ ದೃಶ್ಯದ ನೆನಪು. ಚಿತ್ರದ ಕೊನೆಯಲ್ಲಿ ಡಾಕ್ ಊರಿನ ನ್ಯಾಯಾಲಯದ ಗಡಿಯಾರಕ್ಕೆ ಹಾಗೆಯೇ ನೇತಾಡಲಿದ್ದಾನೆ. ಗೋಡೆಯ ಮೇಲೆ ಸುಟ್ಟ ಬಂಗಲೆಯೊಂದರ ಸುದ್ದಿಯ ಪತ್ರಿಕಾ ತುಣುಕು. ಡಾಕ್ ತನ್ನ ಪಿತ್ರಾರ್ಜಿತವನ್ನೆಲ್ಲ ಕಳೆದುಕೊಂಡಿದ್ದಾನೆಂದು ತಿಳಿಯಿತು. ಟಿವಿಯಲ್ಲಿ ಪ್ಲುಟೋನಿಯಂ ಕಳವಿನ ಸುದ್ದಿ. ಸೀದು ಕಪ್ಪಾದ ಬ್ರೆಡ್ಡು, ತಟ್ಟೆಯಲ್ಲಿ ತುಂಬಿ ಚೆಲ್ಲುತ್ತಿರುವ ನಾಯಿಯ ಆಹಾರ. ಮನೆಯಲ್ಲಿ ಕೆಲವು ದಿನಗಳಿಂದ ಯಾರೂ ಇಲ್ಲ. ಹುಡುಗ ಒಳಗೆ ಬಂದು ಸ್ಕೇಟ್‌ಬೋರ್ಡನ್ನು ತಳ್ಳುತ್ತಾನೆ, ಅದು ಉರುಳಿ ಹೋಗಿ ಹಾಸಿಗೆಯ ಕೆಳಗಿರುವ ಪ್ಲುಟೋನಿಯಂ ಪೆಟ್ಟಿಗೆಗೆ ಬಡಿಯುತ್ತದೆ. ಇಷ್ಟೂ ಹೊತ್ತು ಯಾರೂ ಯಾರಿಗೂ ಏನನ್ನೂ ವಿವರಿಸಿಲ್ಲ. ಕಥೆಗೆ ಬೇಕಾದ ಸಾಮಾನೆಲ್ಲ ಆಗಲೇ ನಮ್ಮ ಮುಂದಿದೆ.

ಆಮೇಲೆ ಬರುವ ಪ್ರತಿಯೊಂದು ವಿವರಕ್ಕೂ 1955ರಲ್ಲಿ ಜೋಡಿ ಇದೆ. ಚೌಕದಲ್ಲಿ ಹೆಂಗಸೊಬ್ಬಳು ಗಡಿಯಾರ ಗೋಪುರ ಉಳಿಸಿ ಎಂದು ಕರಪತ್ರ ಹಂಚುತ್ತಾಳೆ. ಅದನ್ನು ಮಾರ್ಟಿ ಬಿಸಾಡಬೇಕಿತ್ತು, ಆದರೆ ಜೆನ್ನಿಫರ್ ಅದರ ಹಿಂದೆ ಫೋನ್ ನಂಬರು ಬರೆದುಕೊಡುವುದರಿಂದ ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ಅದೇ ಕಾಗದದಿಂದ 1955ರ ಡಾಕ್‌ಗೆ ಗೊತ್ತಾಗುತ್ತದೆ: ನವೆಂಬರ್ 12ರ ರಾತ್ರಿ 10 ಗಂಟೆ 4 ನಿಮಿಷಕ್ಕೆ, ಕಾರನ್ನು 1985ಕ್ಕೆ ಮರಳಿಸುವಷ್ಟು ವಿದ್ಯುತ್ತಿರುವ ಸಿಡಿಲು ಎಲ್ಲಿ ಬೀಳಲಿದೆ ಎಂದು. ಪ್ರೀತಿಯ ಒಂದು ಸಣ್ಣ ಸನ್ನೆಯಿಂದ ಕಥಾನಾಯಕನ ಪ್ರಾಣ ಉಳಿಯುತ್ತದೆ, ಆದರೆ ಬರಹಗಾರರು ಅದನ್ನು ನಮಗೆ ಬೆರಳಿಟ್ಟು ತೋರಿಸುವುದಿಲ್ಲ. ಡಾಕ್ ಕಾರನ್ನು ಮೊದಲು ಓಡಿಸಿ ತೋರಿಸುವ ಜಾಗದ ಹೆಸರು ಅವಳಿ ಪೈನ್ ಮರಗಳ ಮಾಲ್. 1955ರಲ್ಲಿ ಅದು ಪೀಬಾಡಿ ಎಂಬ ರೈತನ ಹೊಲ. ಮಾರ್ಟಿ ಕಾರು ಓಡಿಸಿಕೊಂಡು ತಪ್ಪಿಸಿಕೊಳ್ಳುವಾಗ ಅವನ ಎರಡು ಪೈನ್ ಸಸಿಗಳಲ್ಲಿ ಒಂದನ್ನು ಕೆಡವುತ್ತಾನೆ. ಮರಳಿ ಬಂದಾಗ ಮಾಲಿನ ಫಲಕದಲ್ಲಿ ಒಂಟಿ ಪೈನ್ ಎಂದಿದೆ. ಫಲಕ ತೆರೆಯ ಮೇಲೆ ಕಾಣಿಸುವುದು ಅರೆಕ್ಷಣ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಈ ಸಂಕೋಚ ನನಗೆ ಅಚ್ಚುಮೆಚ್ಚು. ಒಳ್ಳೆಯ ನೇಯ್ಗೆಯ ಸೀರೆಯಲ್ಲಿ ಸೆರಗಿನ ಬಣ್ಣ ಒಡಲಿನಲ್ಲಿ ಒಂದೆರಡು ಎಳೆಯಾಗಿ ಮೊದಲೇ ಇಣುಕುವಂತೆ ಈ ಚಿತ್ರದಲ್ಲಿ ಕೊನೆ ಎಂಬುದು ಮೊದಲಲ್ಲೇ ಸೇರಿಕೊಂಡಿದೆ.

ಹಾಸ್ಯಕ್ಕೂ ಇದೇ ಮೂಲ. ಬೇರೆ ಹಾಸ್ಯ ಚಿತ್ರಗಳಲ್ಲಿ ನಗೆಯ ತುಣುಕುಗಳನ್ನು ಕಥೆಯಿಂದ ಬಿಡಿಸಿ ತೆಗೆದು ಬೇರೆಲ್ಲಾದರೂ ಇಡಬಹುದು. ಇಲ್ಲಿ ಸಾಧ್ಯವಿಲ್ಲ. 1985ರಲ್ಲಿ ಅಮೆರಿಕದ ಅಧ್ಯಕ್ಷ ಯಾರು ಎಂದು ಡಾಕ್ ಪರೀಕ್ಷಿಸುತ್ತಾನೆ. ರೊನಾಲ್ಡ್ ರೇಗನ್ ಎಂಬ ಉತ್ತರ ಕೇಳಿ, ಆ ಸಿನಿಮಾ ನಟನೇ ಎಂದು ಹೌಹಾರುತ್ತಾನೆ. ಅಂದು ಊರಿನ ಚಿತ್ರಮಂದಿರದಲ್ಲಿ ನಡೆಯುತ್ತಿರುವುದೂ ರೇಗನ್ ಅಭಿನಯದ ಚಿತ್ರವೇ. ಅದನ್ನು ನಾವು ಹತ್ತಾರು ನಿಮಿಷ ಮೊದಲೇ ಫಲಕದಲ್ಲಿ ನೋಡಿದ್ದೇವೆ. ರೇಗನ್ ಅವರಿಗೆ ಈ ತಮಾಷೆ ಬಹಳ ಇಷ್ಟವಾಯಿತಂತೆ. 1986ರಲ್ಲಿ ಅಮೆರಿಕದ ಸಂಸತ್ತನ್ನು ಉದ್ದೇಶಿಸಿ ಮಾಡಿದ ಭಾಷಣದಲ್ಲಿ ಅವರು ಚಿತ್ರದ ಹೆಸರು ಹೇಳಿ ಅದರ ಕೊನೆಯ ಸಂಭಾಷಣೆಯನ್ನು ಉದ್ಧರಿಸಿದರು.

ಚಿತ್ರೀಕರಣದ ಕಥೆಯೂ ಸಣ್ಣದಲ್ಲ. ನಿರ್ಮಾಪಕರು ಮೊದಲಿನಿಂದ ಬಯಸಿದ್ದು ಫಾಕ್ಸ್ ಅವರನ್ನು. ಆದರೆ ಅವರು ‘ಫ್ಯಾಮಿಲಿ ಟೈಸ್’ ಎಂಬ ಟಿವಿ ಧಾರಾವಾಹಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಎರಿಕ್ ಸ್ಟೋಲ್ಟ್ಜ್ ಅವರನ್ನು ಹಾಕಿಕೊಂಡು 1984ರ ನವೆಂಬರ್ ಕೊನೆಯಲ್ಲಿ ಕೆಲಸ ಶುರುವಾಯಿತು. ಹಲವು ವಾರಗಳ ಚಿತ್ರೀಕರಣದ ನಂತರ, ತೆಗೆದಿದ್ದನ್ನು ಜೋಡಿಸಿ ನೋಡಿದ ಝೆಮೆಕಿಸ್‌ಗೆ ನಗು ಹುಟ್ಟುತ್ತಿಲ್ಲ ಎನಿಸಿತು. ಸ್ಟೋಲ್ಟ್ಜ್ ಗಂಭೀರ ನಟ, ಆ ಪಾತ್ರವನ್ನು ಅಷ್ಟೇ ಗಂಭೀರವಾಗಿ ಅನುಭವಿಸಿ ಮಾಡುತ್ತಿದ್ದರು. 1985ರ ಜನವರಿಯಲ್ಲಿ ಅವರನ್ನು ಬಿಡಿಸಿ, ಲಕ್ಷಾಂತರ ಡಾಲರ್ ನಷ್ಟ ಹೊತ್ತು ಫಾಕ್ಸ್ ಅವರನ್ನು ಕರೆತಂದರು. ಫಾಕ್ಸ್ ಹಗಲು ಧಾರಾವಾಹಿ ಮುಗಿಸಿ ರಾತ್ರಿ ಈ ಸೆಟ್ಟಿಗೆ ಬರುತ್ತಿದ್ದರು. ನಾಯಕನ ಮುಖದಲ್ಲಿ ಕಾಣುವ ನಿದ್ದೆಗೆಟ್ಟ ಗಾಬರಿಗೆ ಅದೂ ಒಂದಷ್ಟು ಕಾರಣ ಇರಬಹುದೇ ಎಂದು ನಾನು ಯೋಚಿಸುವುದುಂಟು. ಸ್ಟೋಲ್ಟ್ಜ್ ಪಾತ್ರವನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದರು ಎಂದು ಮಾತ್ರ ನಾನು ಹೇಳಲಾರೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಊರಿನ ಚೌಕ ಯೂನಿವರ್ಸಲ್ ಸ್ಟುಡಿಯೊದೊಳಗಿನ ಸೆಟ್. ಕಲಾ ವಿಭಾಗದವರು ಮೊದಲು ಅದನ್ನು 1955ರ ಅಚ್ಚುಕಟ್ಟಾದ ಚೌಕವಾಗಿ ಸಿದ್ಧಪಡಿಸಿ, ಆ ದೃಶ್ಯಗಳನ್ನೆಲ್ಲ ಮುಗಿಸಿಕೊಂಡ ಮೇಲೆ ಕೆಡಿಸಿ, ಬಣ್ಣ ಮಾಸಿಸಿ, ಕಸ ಹರಡಿ 1985 ಮಾಡಿದರು. ಛಾಯಾಗ್ರಾಹಕ ಡೀನ್ ಕಂಡೀ. ವಿಶೇಷ ದೃಶ್ಯಗಳ ಶಾಟ್‌ಗಳು ಮೂವತ್ತರ ಆಸುಪಾಸಿನಲ್ಲಷ್ಟೇ ಇವೆ ಎಂದರೆ ಇಂದಿನವರು ನಂಬುವುದು ಕಷ್ಟ. ಸಂಗೀತ ನಿರ್ದೇಶಕ ಅಲನ್ ಸಿಲ್ವೆಸ್ಟ್ರಿಗೆ ಝೆಮೆಕಿಸ್ ಹೇಳಿದ್ದು, ಸಂಗೀತ ದೊಡ್ಡದಾಗಿರಬೇಕು ಎಂದು. ಕಥೆ ನಡೆಯುವುದು ಒಂದು ಚೌಕ, ಒಂದು ಶಾಲೆ, ಎರಡು ಮನೆಗಳಲ್ಲಿ. ಅದಕ್ಕೆ ಮಹಾಕಾವ್ಯದ ಎತ್ತರ ಕೊಡುವುದು ಆ ವಾದ್ಯವೃಂದ. ಹಾಡುಗಳನ್ನು ಬಿಟ್ಟರೆ ಕಾರು ಟ್ರಕ್ಕಿನಿಂದ ಇಳಿಯುವವರೆಗೆ ಹಿನ್ನೆಲೆ ಸಂಗೀತ ಬಹುತೇಕ ಕೇಳಿಸುವುದೇ ಇಲ್ಲ ಎಂಬುದನ್ನು ಮುಂದಿನ ಸಲ ಗಮನಿಸಿ.

ಆ ಕಾರಿನ ಬಗ್ಗೆ ಎರಡು ಮಾತು. ಮೊದಲ ಕರಡಿನಲ್ಲಿ ಕಾಲಯಂತ್ರ ರೆಫ್ರಿಜರೇಟರಿನಂಥ ಪೆಟ್ಟಿಗೆಯಾಗಿತ್ತು. ಅದಕ್ಕೆ ಶಕ್ತಿ ಒದಗಿಸುವುದು ನೆವಾಡಾ ಮರುಭೂಮಿಯ ಅಣುಬಾಂಬ್ ಪರೀಕ್ಷೆ. ಮಕ್ಕಳು ನೋಡಿ ಫ್ರಿಜ್ಜಿನೊಳಗೆ ಹೊಕ್ಕಾರು ಎಂಬ ಆತಂಕದಿಂದ ಪೆಟ್ಟಿಗೆ ಹೋಯಿತು. ಬಾಂಬಿಗೆ ಬಜೆಟ್ ಸಾಲದೆ ಸಿಡಿಲು ಬಂತು. ಎರಡೂ ಚಿತ್ರದ ಪುಣ್ಯ. ಬಾಂಬ್ ಬಿದ್ದಿದ್ದರೆ ಕಥೆ ಊರು ಬಿಟ್ಟು ಮರುಭೂಮಿಗೆ ಹೋಗುತ್ತಿತ್ತು, ಗಡಿಯಾರ ಗೋಪುರ ಹುಟ್ಟುತ್ತಲೇ ಇರಲಿಲ್ಲ. ಪೆಟ್ಟಿಗೆಯ ಬದಲು ಬಂದ ಡಿಲೋರಿಯನ್ ಕಾರು ಉತ್ತರ ಐರ್ಲೆಂಡಿನ ಡನ್‌ಮರಿಯಲ್ಲಿ ತಯಾರಾದದ್ದು. ಬಣ್ಣವಿಲ್ಲದ ಸ್ಟೇನ್‌ಲೆಸ್ ಸ್ಟೀಲ್ ಮೈ, ರೆಕ್ಕೆಯಂತೆ ಮೇಲೇಳುವ ಬಾಗಿಲು. ಸುಮಾರು 9,000 ಕಾರುಗಳು ಹೊರಬರುವಷ್ಟರಲ್ಲಿ ಕಂಪನಿ ದಿವಾಳಿಯಾಯಿತು. ಕಾರಿನ ಬಾಗಿಲುಗಳನ್ನು ನೋಡಿ ರೈತನ ಮನೆಯವರು ಅನ್ಯಗ್ರಹದ ನೌಕೆಯೆಂದು ಬೆಚ್ಚುವ ದೃಶ್ಯ ಬೇಕಿತ್ತು, ಆದ್ದರಿಂದಲೇ ಈ ಕಾರು. ಮಾರುಕಟ್ಟೆಯಲ್ಲಿ ಸೋತ ವಾಹನ ಚಿತ್ರದಿಂದ ಅಮರವಾಯಿತು. ಅದರ ಸ್ಥಾಪಕ ಜಾನ್ ಡಿಲೋರಿಯನ್ ಚಿತ್ರ ತಂಡಕ್ಕೆ ಪತ್ರ ಬರೆದು ಕೃತಜ್ಞತೆ ಹೇಳಿದರು.

ವಿಜ್ಞಾನದ ವಿದ್ಯಾರ್ಥಿಗಳು ಕಾಯುತ್ತಿದ್ದೀರಿ ಎಂದು ಗೊತ್ತು. ಕಾರು ಗಂಟೆಗೆ 88 ಮೈಲಿ, ಎಂದರೆ ಸುಮಾರು 142 ಕಿಲೋಮೀಟರ್ ವೇಗ ಮುಟ್ಟಬೇಕು, 1.21 ಗಿಗಾವಾಟ್ ವಿದ್ಯುತ್ ಬೇಕು. ಅದು 1,210 ಮೆಗಾವಾಟ್. ನಮ್ಮ ಶರಾವತಿ ಜಲವಿದ್ಯುದಾಗಾರದ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಅದಕ್ಕಿಂತ ಹೆಚ್ಚಿನ ವಿದ್ಯುತ್ತು ಒಂದು ಕಾರಿಗೆ ಎಂದರೆ 1955ರ ಡಾಕ್ ಯಾಕೆ ತಲೆಯ ಮೇಲೆ ಕೈಹೊತ್ತು ಓಡಾಡಿದ ಎಂದು ನಮಗೆ ಅರ್ಥವಾಗುತ್ತದೆ. ಸಿಡಿಲಿನಲ್ಲಿ ಕ್ಷಣಮಾತ್ರ ಅಷ್ಟು ಶಕ್ತಿ ಇರುವುದು ನಿಜ. ಅದು ಉಳಿಯುವುದು ಸೆಕೆಂಡಿನ ಅತಿ ಚಿಕ್ಕ ಭಾಗದಷ್ಟು ಹೊತ್ತು. ಆ ಭಾಗವನ್ನು ತಪ್ಪಿಸಿಕೊಳ್ಳದೆ ಹಿಡಿಯುವುದೇ ಕೊನೆಯ ಇಪ್ಪತ್ತು ನಿಮಿಷಗಳ ಉಸಿರುಗಟ್ಟುವ ಆಟ.

ಭವಿಷ್ಯದ ಕಡೆಗೆ ಪಯಣಿಸುವುದನ್ನು ಭೌತವಿಜ್ಞಾನ ಒಪ್ಪುತ್ತದೆ. ವೇಗವಾಗಿ ಚಲಿಸುವವರ ಗಡಿಯಾರ ನಿಧಾನವಾಗುತ್ತದೆ ಎಂಬುದು ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ಸಿದ್ಧಾಂತದ ಫಲ. ಗುರುತ್ವ ಹೆಚ್ಚಿರುವಲ್ಲಿಯೂ ಹಾಗೆಯೇ ಎಂದು ಅವರು ಮುಂದೆ ತೋರಿಸಿದರು. ನಿಮ್ಮ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಈ ಎರಡು ಕಾರಣಗಳ ಒಟ್ಟು ಪರಿಣಾಮವಾಗಿ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿದೇ ವ್ಯವಸ್ಥೆ ನಡೆಯುತ್ತದೆ. ಚಿತ್ರದಲ್ಲಿ ಮೊದಲು ಕಾಲಯಾನ ಮಾಡುವುದು ಡಾಕ್‌ನ ನಾಯಿ, ಹೋಗುವುದು ಒಂದು ನಿಮಿಷ ಮುಂದಕ್ಕೆ, ಬಂದ ಮೇಲೆ ಅದರ ಕೊರಳಿನ ಗಡಿಯಾರ ಒಂದು ನಿಮಿಷ ಹಿಂದಿರುತ್ತದೆ. ಆ ನಾಯಿಯ ಹೆಸರು ಐನ್‌ಸ್ಟೈನ್. ಹಿಂದಕ್ಕೆ ಹೋಗುವ ವಿಚಾರ ಬೇರೆ. 1949ರಲ್ಲಿ ಗಣಿತಜ್ಞ ಕರ್ಟ್ ಗೋಡೆಲ್ ಐನ್‌ಸ್ಟೈನರ ಸಮೀಕರಣಗಳಿಂದಲೇ, ಭೂತಕಾಲಕ್ಕೆ ಮರಳುವ ಹಾದಿಗಳಿರುವ ಒಂದು ಬ್ರಹ್ಮಾಂಡವನ್ನು ಗಣಿತದಲ್ಲಿ ಕಟ್ಟಿ ತೋರಿಸಿದರು. ನಮ್ಮ ಬ್ರಹ್ಮಾಂಡ ಹಾಗಿರುವಂತೆ ಕಾಣುವುದಿಲ್ಲ. ಹೋದರೂ ನಡೆದದ್ದನ್ನು ಬದಲಿಸಲಾಗದು ಎಂದು ವಾದಿಸುವ ವಿಜ್ಞಾನಿಗಳಿದ್ದಾರೆ. ಮಾರ್ಟಿ ತನ್ನೊಂದಿಗೆ ತಂದಿರುವ, ಅಣ್ಣ ಅಕ್ಕನ ಜೊತೆ ತೆಗೆಸಿಕೊಂಡ ಫೋಟೊದಲ್ಲಿ ಅಣ್ಣನ ತಲೆ ಮೊದಲು ಮಾಯವಾಗಿ, ಆಮೇಲೆ ಅಕ್ಕ, ಕೊನೆಗೆ ಮಾರ್ಟಿ ಕರಗುತ್ತ ಬರುವುದಕ್ಕೆ ಯಾವ ಸಮೀಕರಣದ ಬೆಂಬಲವೂ ಇಲ್ಲ. ಅಪ್ಪ ಅಮ್ಮ ಕೂಡದಿದ್ದರೆ ಮೂವರೂ ಒಟ್ಟಿಗೇ ಇಲ್ಲವಾಗಬೇಕು. ನನಗೆ ಈ ತರ್ಕದೋಷ ಕಿಂಚಿತ್ತೂ ತೊಂದರೆ ಕೊಡುವುದಿಲ್ಲ. ಎಷ್ಟು ಸಮಯ ಉಳಿದಿದೆ ಎಂದು ಒಂದೇ ನೋಟಕ್ಕೆ ಹೇಳುವ ಇಂಥ ಗಡಿಯಾರವನ್ನು ನಾನು ಬೇರೆ ಯಾವ ಚಿತ್ರದಲ್ಲೂ ನೋಡಿಲ್ಲ; ಅದೂ ಮನೆಮಕ್ಕಳ ಫೋಟೊ.

ಕಾಲದ ಈ ಕಲ್ಪನೆಗಳು ನಮಗೆ ಪರಕೀಯವಲ್ಲ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಕಕುದ್ಮಿ ಎಂಬ ರಾಜ ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಾನ ನಡೆಯುತ್ತಿತ್ತು. ಮುಗಿಯಲೆಂದು ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದಿರುತ್ತವೆ, ಅವನ ಮನಸ್ಸಿನಲ್ಲಿದ್ದ ವರರಾಗಲಿ ಅವರ ವಂಶದವರಾಗಲಿ ಉಳಿದಿರುವುದಿಲ್ಲ. ರೇವತಿಯನ್ನು ಬಲರಾಮನಿಗೆ ಕೊಡುತ್ತಾನೆ. ಕಾಲ ಜಾರಿದ್ದು ಅಲ್ಲಿಯೂ ಮನೆಯ ಮದುವೆಯ ಚಿಂತೆಯಲ್ಲಿ ಎಂಬುದು ನನಗೆ ಹಿಡಿಸುತ್ತದೆ. ದಕ್ಷಿಣದ ಸಿನಿಮಾದಲ್ಲಿ ಕಾಲಯಂತ್ರವನ್ನು ನಗುವಿನೊಂದಿಗೆ ತಂದವರು ‘ಪುಷ್ಪಕ ವಿಮಾನ’ದ ನಿರ್ದೇಶಕ ಸಿಂಗೀತಂ ಶ್ರೀನಿವಾಸ ರಾವ್, 1991ರ ಅವರ ತೆಲುಗು ಚಿತ್ರ ‘ಆದಿತ್ಯ 369’ ನಾಯಕನನ್ನು ಕೃಷ್ಣದೇವರಾಯನ ವಿಜಯನಗರಕ್ಕೆ ಕರೆದೊಯ್ಯುತ್ತದೆ. ಅದು ಇತಿಹಾಸವನ್ನು ಕಣ್ತುಂಬಿಕೊಳ್ಳುವ ಪ್ರವಾಸ, ಅದರ ಸುಖವೇ ಬೇರೆ. ಅದರ ಬಗ್ಗೆ ಇನ್ನೊಂದು ದಿನ ಪೂರ್ತಿಯಾಗಿ ಮಾತಾಡಬೇಕು.

ಇನ್ನು ಎಡವಿದ ಜಾಗಗಳು. 1955ರ ಶಾಲೆಯ ನೃತ್ಯದ ರಾತ್ರಿ ಮಾರ್ಟಿ ಗಿಟಾರ್ ಎತ್ತಿಕೊಂಡು, ರಾಕ್ ಅಂಡ್ ರೋಲ್ ಸಂಗೀತದ ಕಪ್ಪು ಗಾಯಕ ಚಕ್ ಬೆರಿಯ ‘ಜಾನಿ ಬಿ. ಗುಡ್’ ನುಡಿಸುತ್ತಾನೆ. ವೇದಿಕೆಯಲ್ಲಿದ್ದ ಕಪ್ಪು ಸಂಗೀತಗಾರ ಓಡಿಹೋಗಿ ಫೋನಿನಲ್ಲಿ ತನ್ನ ಸೋದರ ಸಂಬಂಧಿ ಚಕ್‌ಗೆ ಕೇಳಿಸುತ್ತಾನೆ. ನೀನು ಹುಡುಕುತ್ತಿದ್ದ ಹೊಸ ನಾದ ಇದೇ ಎನ್ನುತ್ತಾನೆ. ನಾನು ಮೊದಲು ನೋಡಿದಾಗ ಜೋರಾಗಿ ನಕ್ಕ ದೃಶ್ಯವಿದು. ಚಕ್ ಬೆರಿ ಆ ಹಾಡನ್ನು ಹೊರತಂದದ್ದು 1958ರಲ್ಲಿ, ಸರಿ. ಆದರೆ 1955ರ ನವೆಂಬರಿಗೆ ಅವರು ಯಾರದೋ ಫೋನಿಗಾಗಿ ಕಾಯುತ್ತಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲೇ ಅವರ ‘ಮೇಬಲೀನ್’ ಬಂದು ದೇಶವನ್ನು ಕುಣಿಸಿತ್ತು. ಕಪ್ಪು ಜನ ಕಟ್ಟಿ ಬೆಳೆಸಿದ ಸಂಗೀತವನ್ನು ಬಿಳಿಯ ಹುಡುಗನೊಬ್ಬ ಅವರಿಗೇ ಕಲಿಸಿದಂತೆ ತೋರಿಸುವುದು, ತಮಾಷೆಯಾದರೂ, ನೋಯಿಸುವ ತಮಾಷೆ. ಚಿತ್ರದ ನೃತ್ಯ ನಡೆದ ನವೆಂಬರ್ 12ರಿಂದ ಮೂರು ವಾರ ಕಳೆಯುವ ಮುನ್ನ, ಡಿಸೆಂಬರ್ 1ರಂದು, ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟೇಳಲು ನಿರಾಕರಿಸಿ ಬಂಧನಕ್ಕೊಳಗಾದರು. ಆ 1955 ಈ ಚಿತ್ರದ ಹೊಳೆಯುವ ಚೌಕದೊಳಗೆ ಹೆಚ್ಚು ಕಾಣುವುದಿಲ್ಲ. ಕಾಣುವುದು ಒಂದು ಕಡೆ: ಹೋಟೆಲಿನಲ್ಲಿ ನೆಲ ಗುಡಿಸುವ ಗೋಲ್ಡಿ ವಿಲ್ಸನ್ ಮೇಯರ್ ಆಗುತ್ತೇನೆ ಎಂದಾಗ, ಕಪ್ಪು ಮೇಯರ್ ಎಂಬ ದಿನವೂ ಬಂದೀತೇ ಎಂದು ಮಾಲೀಕ ಅಣಕಿಸುತ್ತಾನೆ. 1985ರಲ್ಲಿ ಅವನೇ ಮೇಯರ್ ಎಂಬುದನ್ನು ನಾವು ಆಗಲೇ ನೋಡಿದ್ದೇವೆ. ಆ ಒಂದು ಎಳೆಗೆ ಕೊಟ್ಟ ಗೌರವವನ್ನು ಬರಹಗಾರರು ಸಂಗೀತಕ್ಕೂ ಕೊಡಬೇಕಿತ್ತು. ಲಿಬಿಯಾದ ಭಯೋತ್ಪಾದಕರ ಚಿತ್ರಣವೂ ಆ ದಶಕದ ಅಗ್ಗದ ರೂಢಿಯೇ.

ಇದಕ್ಕಿಂತ ನನ್ನನ್ನು ಕಾಡುವುದು ಮುಕ್ತಾಯ. 1955ರಲ್ಲಿ ಜಾರ್ಜ್ ಬಿಫ್‌ನನ್ನು ಎದುರಿಸಿ ಗೆದ್ದಿದ್ದರಿಂದ, ಮಾರ್ಟಿ ಮರಳಿ ಬಂದಾಗ ಮನೆ ಬದಲಾಗಿದೆ. ಚೆಂದದ ಪೀಠೋಪಕರಣ, ಟೆನಿಸ್ ಆಡಿ ಬರುವ ಅಪ್ಪ ಅಮ್ಮ, ಮಗನಿಗಾಗಿ ಹೊಸ ಪಿಕಪ್ ಟ್ರಕ್. ಅಪ್ಪನ ಮೊದಲ ಕಾದಂಬರಿಯ ಪ್ರತಿಗಳ ಪೆಟ್ಟಿಗೆ ಬರುತ್ತದೆ. ಅದು ಸರಿಯಾದ ಫಲ, ಊಟದ ಕೋಣೆಯಲ್ಲಿ ಕದ್ದು ಬರೆಯುತ್ತಿದ್ದ ಹುಡುಗನಿಗೆ ಸಲ್ಲಬೇಕಾದದ್ದು. ಟ್ರಕ್ ಯಾಕೆ? ಜಾರ್ಜ್ ಪಾತ್ರಧಾರಿ ಗ್ಲೋವರ್ ಚಿತ್ರೀಕರಣದ ಸಮಯದಲ್ಲೇ ಇದನ್ನು ವಿರೋಧಿಸಿದ್ದಾಗಿ, ಪ್ರೀತಿಯೇ ಬಹುಮಾನವಾಗಬೇಕಿತ್ತು ಎಂದು ವಾದಿಸಿದ್ದಾಗಿ ಹೇಳಿಕೊಂಡಿದ್ದಾರೆ. ನಾನು ಅವರ ಪಕ್ಷ. ನೃತ್ಯದ ರಾತ್ರಿ ಲೊರೇನ್ ಮೇಲೆ ಬಲಾತ್ಕಾರಕ್ಕೆ ಯತ್ನಿಸಿದ ಬಿಫ್, ಮೂವತ್ತು ವರ್ಷದ ನಂತರ ಅದೇ ಮನೆಯಂಗಳದಲ್ಲಿ ಕಾರು ಉಜ್ಜುತ್ತ ನಗಿಸುವ ಪಾತ್ರವಾಗಿರುವುದನ್ನು ನಾನು ಈಗ ನಗುತ್ತ ನೋಡಲಾರೆ. ಲೊರೇನ್ ಅವನನ್ನು ದಿನವೂ ನೋಡಬೇಕಲ್ಲ ಎಂದು ಯಾರೂ ಯೋಚಿಸಿದಂತಿಲ್ಲ.

ಸ್ಟೋಲ್ಟ್ಜ್ ಅವರ ಗಾಂಭೀರ್ಯಕ್ಕೆ ಮರಳುವುದಾದರೆ ಅದು ಇಲ್ಲಿ. ಮಾರ್ಟಿಯ ನೆನಪಿನಲ್ಲಿರುವ ಅಪ್ಪ ಅಮ್ಮ, ಸೋತವರು, ದಣಿದವರು, ಈಗ ಎಲ್ಲೂ ಇಲ್ಲ. ಹೊಸ ಅಪ್ಪ ಅಮ್ಮನ ಜೊತೆ ಬೆಳೆದ ಹದಿನೇಳು ವರ್ಷಗಳ ಒಂದು ನೆನಪೂ ಅವನಲ್ಲಿಲ್ಲ. ಅವರು ಹಳೆಯ ಹಬ್ಬವನ್ನೋ ಪ್ರವಾಸವನ್ನೋ ನೆನೆದರೆ ಅವನು ಸುಮ್ಮನೆ ತಲೆಯಾಡಿಸಬೇಕು. ಗೇಲ್ ಅವರ ಪ್ರಶ್ನೆ ಅಪ್ಪನನ್ನು ಅರಿಯುವುದರ ಬಗ್ಗೆ ಇತ್ತು. ಕೊನೆಗೆ ಚಿತ್ರ ಅಪ್ಪನನ್ನೇ ಬದಲಾಯಿಸಿ ಕೊಟ್ಟುಬಿಟ್ಟಿತು. ನನಗೆ ಬೇಕಿದ್ದುದು ಹಳೆಯ ಜಾರ್ಜ್, ತನ್ನ ಕಥೆಗಳನ್ನು ಮಗನಿಗೆ ಓದಿ ಹೇಳುವ ಜಾರ್ಜ್. ಇಷ್ಟಾದರೂ ಅರಿವಿನ ಒಂದು ಕ್ಷಣವನ್ನು ಚಿತ್ರ ಕೈಬಿಟ್ಟಿಲ್ಲ. 1955ರಿಂದ ಹೊರಡುವಾಗ ಮಾರ್ಟಿ ಆ ಹುಡುಗ ಹುಡುಗಿಗೆ ಹೇಳುತ್ತಾನೆ: ಮುಂದೆ ನಿಮ್ಮ ಮಗನೊಬ್ಬ ಎಂಟನೆಯ ವಯಸ್ಸಿನಲ್ಲಿ ನಡುಮನೆಯ ನೆಲಹಾಸಿಗೆ ಬೆಂಕಿ ಹಚ್ಚಿದರೆ ಜಾಸ್ತಿ ಬೈಯಬೇಡಿ. ಅಪ್ಪ ಅಮ್ಮನ ಎದುರು ಸಮವಯಸ್ಕನಾಗಿ ನಿಂತು ಬಾಲ್ಯದ ತಪ್ಪಿಗೆ ಕ್ಷಮೆ ಕೇಳುವ ಅವಕಾಶ ಯಾವ ಮಗನಿಗೆ ಸಿಕ್ಕೀತು?

1985ರ ಜುಲೈ 3ರಂದು ಬಿಡುಗಡೆಯಾದ ಚಿತ್ರ ಆ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಗಳಿಸಿತು. ಧ್ವನಿ ಪರಿಣಾಮಗಳ ಸಂಕಲನಕ್ಕೆ ಆಸ್ಕರ್ ಬಂತು, ಚಿತ್ರಕಥೆ ನಾಮನಿರ್ದೇಶನಗೊಂಡಿತು. 1989 ಮತ್ತು 1990ರಲ್ಲಿ ಎರಡು ಮುಂದುವರಿದ ಭಾಗಗಳು ಬಂದವು. ಎರಡನೆಯದು ಜಾಣತನದಲ್ಲಿ, ಮೂರನೆಯದು ಮಮತೆಯಲ್ಲಿ ಮೇಲು. ಮರುನಿರ್ಮಾಣಕ್ಕೆ ಮಾತ್ರ ತಾವು ಬದುಕಿರುವವರೆಗೆ ಒಪ್ಪುವುದಿಲ್ಲ ಎಂದು ಝೆಮೆಕಿಸ್ ಹೇಳಿದ್ದಾರೆ.

ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ: ತಮ್ಮನ್ನು ಒಂದುಗೂಡಿಸಿದ ಹುಡುಗನ ಮುಖವೇ ಬೆಳೆಯುತ್ತಿರುವ ಮಗನಿಗೂ ಇದೆಯೆಂದು ಜಾರ್ಜ್ ಮತ್ತು ಲೊರೇನ್‌ಗೆ ಅನುಮಾನ ಬರಲಿಲ್ಲವೆ? ಬಾಬ್ ಗೇಲ್ ಇದಕ್ಕೆ ಉತ್ತರಿಸಿದ್ದಾರೆ. ಅವರು ಆ ಹುಡುಗನನ್ನು ಕಂಡದ್ದು ಒಂದು ವಾರ. ಹೈಸ್ಕೂಲಿನಲ್ಲಿ ಒಂದು ವಾರ ಜೊತೆಗಿದ್ದವನ ಮುಖ ದಶಕಗಳ ನಂತರ ನಿಮಗೆ ಎಷ್ಟು ಸ್ಪಷ್ಟವಾಗಿ ನೆನಪಿರುತ್ತದೆ ಎಂದು ಅವರ ವಾದ. ನಾನು ಪೂರ್ತಿ ಒಪ್ಪುವುದಿಲ್ಲ. ಸುಮ್ಮನೆ ಜೊತೆಗಿದ್ದ ಸಹಪಾಠಿಯನ್ನು ಮರೆಯಬಹುದು, ಮದುವೆಗೆ ಕಾರಣನಾದವನನ್ನು ಮರೆಯುವುದು ಕಷ್ಟ. ಮಾರ್ಟಿ ಎಂಬುದು ಎಷ್ಟು ಚೆಂದದ ಹೆಸರು ಎಂದು 1955ರಲ್ಲಿ ಲೊರೇನ್ ತಾನೇ ಹೇಳುತ್ತಾಳೆ. ಮುಖ ಮರೆತಿರಲಿ, ಹೆಸರು ಅವಳ ಮನಸ್ಸಿನಲ್ಲಿ ಉಳಿದಿರಬೇಕು. ಆದರೆ ಅದನ್ನು ಅವಳು ಚೊಚ್ಚಲ ಮಗನಿಗೆ ಇಡದೆ ಮೂರನೆಯ ಮಗುವಿನವರೆಗೆ ಯಾಕೆ ಕಾದಳು ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ. ಆ ವಿದ್ಯಾರ್ಥಿನಿಯ ಪಕ್ಕದಲ್ಲಿ ಕುಳಿತಿದ್ದ ಹಿರಿಯರು, ಅಣ್ಣನಿಗೆ ಅಜ್ಜನ ಹೆಸರು ಇಟ್ಟಿರಬೇಕು ಬಿಡಿ ಎಂದರು.